ಲಾಟೀನಿನ ಮುದುಕಿಯ ತೂಕ

ಒಂದೂಕಾಲು ಅಂಗುಲ ಎತ್ತರದ ಮುದುಕಿಯೊಬ್ಬಳು ಪ್ಲಾಸ್ಟಿಕ್ಕಿನವಳಾಗಿರಬೇಕೋ ಲೋಹದವಳಾಗಿರಬೇಕೋ ಎಂಬ ಪ್ರಶ್ನೆ ಆ ಶನಿವಾರ ಮಧ್ಯಾಹ್ನದೊಳಗೆ ಇತ್ಯರ್ಥವಾಗಲೇಬೇಕಿತ್ತು. ಇದಕ್ಕಿಂತ ಸಣ್ಣ ವಿಷಯಗಳಿಗೆ ರಾಜ್ಯಗಳೇ ಮುಳುಗಿವೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಯಾವ ರಾಜ್ಯ, ಯಾವ ವಿಷಯ ಎಂದು ಯಾರಾದರೂ ಕೇಳಿದ್ದರೆ ತಡಬಡಾಯಿಸುತ್ತಿದ್ದ, ಕೇಳುವವರು ಇರಲಿಲ್ಲ. ಆಟದ ಬೊಂಬೆಗಳ ಅಂಗಡಿಯ ಗಾಜಿನ ಮೇಜಿನ ಮೇಲೆ ಇಬ್ಬರು ಮುದುಕಿಯರೂ ಇದ್ದರು. ಎಡಗಡೆಯವಳು ಲೋಹದವಳು, ಹಳೆಯ ಅಚ್ಚಿನಿಂದ ಬಂದವಳು: ಎಡಗೈಯಲ್ಲಿ ಎತ್ತಿ ಹಿಡಿದ ಲಾಟೀನು, ಬಲಗೈಯಲ್ಲಿ ಈಟಿ, ಬೆನ್ನಿಗೆ ಹೊದಿಕೆ, ನೆಲ ಮುಟ್ಟುವ ಲಂಗ, ಕೆನ್ನೆಯ ಮೇಲೆ ಸೂಜಿಯಲ್ಲಿ ಗೀರಿದಂಥ ಸುಕ್ಕು, ಎದುರಿಗಿರುವವರ ಮಾತನ್ನು ನಂಬದ ಮೂಗು. ಬಲಗಡೆಯವಳು ಪ್ಲಾಸ್ಟಿಕ್ಕಿನವಳು. ಇನ್ನೂ ಅಚ್ಚಿನ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸದ ಬೂದು ತುಂಡುಗಳಾಗಿ, ಕೈ ಒಂದು ಕಡೆ ಕಾಲು ಒಂದು ಕಡೆ, ವೈದ್ಯಕೀಯ ಪುಸ್ತಕದ ಚಿತ್ರದಂತೆ ಹರಡಿಕೊಂಡಿದ್ದಳು. ಲಾಟೀನು ಅದೇ, ಈಟಿ ಅದೇ. ಆದರೆ ಕಂಪನಿ ಹೊಸ ಅಚ್ಚು ಮಾಡಿಸುವಾಗ ಯಾರೋ ಪುಣ್ಯಾತ್ಮ ಅವಳ ಮುಖದಿಂದ ಮೂವತ್ತು ವರ್ಷ ಕಿತ್ತು ಹಾಕಿದ್ದ. ಸುಕ್ಕುಗಳಿರಲಿಲ್ಲ. ತುಟಿಯಲ್ಲಿ ಸಣ್ಣದೊಂದು ನಗು ಕೂಡ ಇತ್ತು, ಫೋಟೋ ತೆಗೆಯುವವನು ಹೇಳಿ ನಗಿಸಿದಂಥದ್ದು.

"ಲೋಹ ಅಂದ್ರೆ ಲೋಹ ಸಾರ್," ಎಂದ ಅಂಗಡಿಯವನು. "ಕೈಗೆ ತಗೊಂಡ್ರೆ ಏನೋ ತಗೊಂಡಿದೀವಿ ಅನ್ನಿಸ್ಬೇಕು. ಇದು ನೋಡಿ, ಸೀನಿದ್ರೆ ಹಾರೋಗುತ್ತೆ."

"ಇವರು ಸೀನೋ ಸೀನಿಗೆ ಅಂಗಡಿ ಬೋರ್ಡೂ ಹಾರುತ್ತೆ," ಎಂದು ಪೆಟ್ಟಿಗೆಗಳ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು. "ಪ್ಲಾಸ್ಟಿಕ್ ತಗೊಳ್ಳಿ ಸಾರ್. ಲೋಹದ್ದು ಮೇಜಿಂದ ಬಿತ್ತೋ, ಕೈ ಒಂದು ಮೂಲೆ, ಈಟಿ ಒಂದು ಮೂಲೆ. ಮೂವತ್ತು ವರ್ಷದಿಂದ ಇವರು ಅಂಟು ಹಾಕ್ತಾನೇ ಇದಾರೆ."

"ಮುರಿದ್ರೆ ಅಂಟಿಸ್ಬಹುದು, ಬೇಡ ಅಂದ್ರೆ ಬಿಡಿಸ್ಬಹುದು, ಬಣ್ಣ ಕೆಟ್ರೆ ತೊಳೆದು ಹೊಸದಾಗಿ ಶುರು ಮಾಡ್ಬಹುದು. ಅದೇ ಲೋಹದ ಗುಣ. ಪ್ಲಾಸ್ಟಿಕ್ಕಿಗೆ ಅದರ ಅಂಟು ತಾಗಿದ್ರೆ ಮುಗೀತು. ಎರಡೂ ಕರಗಿ ಒಂದಾಗ್ಬಿಡುತ್ತೆ. ಬ್ರಹ್ಮ ಬಂದ್ರೂ ಬಿಡಿಸಕ್ಕಾಗಲ್ಲ."

"ಮದುವೆ ಥರ ಅನ್ನಿ," ಎಂದಳು ಆಕೆ. ಈಗ ಪೆಟ್ಟಿಗೆಗಳ ನಡುವಿನಿಂದ ಅವಳ ಕನ್ನಡಕವೂ ಕಾಣಿಸಿತು. "ಯಾರಿಗೆ ಸಾರ್ ಇದು? ನಿಮಗೇನಾ?"

"ನಮ್ಮ ಅಕ್ಕನಿಗೆ."

"ಪಾಪ, ಎಷ್ಟು ಪ್ರೀತಿ ನೋಡಿ. ನಮ್ಮ ತಮ್ಮ ಒಂದು ಪೆನ್ನು ಕೊಟ್ಟಿದ್ದಿಲ್ಲ."

ಅವನು ಕೆಮ್ಮಿದ. ಕೆಮ್ಮು ಬಂದಿರಲಿಲ್ಲ. ಮಂಗಳವಾರದಿಂದ ಅವನಿಗೆ ಹೀಗೇ ಆಗುತ್ತಿತ್ತು. ಯಾರು ಏನು ಒಳ್ಳೆಯ ಮಾತಾಡಿದರೂ ಅದು ಎಲ್ಲೋ ಒಂದು ಕಡೆ ತಿರುಗಿ ಅವನ ಕುತ್ತಿಗೆಯ ಹಿಂಭಾಗಕ್ಕೆ ಬಂದು ತಾಗುತ್ತಿತ್ತು. ಲೋಹದ ಮುದುಕಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ತಣ್ಣಗಿದ್ದಳು. ಅಂಗೈ ಅಂದಾಜು ಹೇಳಿತು. ಅಂಗೈಯ ಮಾತನ್ನು ಇನ್ನು ಮುಂದೆ ಕೇಳಬಾರದೆಂದು ಅವನು ನಿರ್ಧರಿಸಿ ನಾಲ್ಕು ದಿನವಾಗಿತ್ತು.

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರ ಚಿಕಿತ್ಸಾಲಯದ ಕೆಳಗಿನ ನೆಲಮಾಳಿಗೆಯಲ್ಲಿ, ಒಂದೇ ಒಂದು ಎತ್ತರದ ಕಿಟಕಿಯಿಂದ ದಾರಿಹೋಕರ ಚಪ್ಪಲಿಗಳನ್ನು ನೋಡುತ್ತ, ಇಪ್ಪತ್ತೆಂಟು ವರ್ಷಗಳಿಂದ ಪ್ಲಾಸ್ಟಿಕ್ಕನ್ನೂ ಲೋಹವನ್ನೂ ಜನರ ಬಾಯಿಯ ಅಳತೆಗೆ ತರುತ್ತಿದ್ದ. ಯಾವುದು ಯಾವುದರಲ್ಲಿ ಕರಗುತ್ತದೆ, ಯಾವುದು ಎಷ್ಟು ಶಾಖಕ್ಕೆ ಬಾಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಇಂಥವನು ಮಂಗಳವಾರ ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಅಕ್ಕನ ಬೊಂಬೆಯನ್ನು ಗಾಜಿನ ಭರಣಿಗೆ ಹಾಕಿ, ಮೇಲೆ ಅಸಿಟೋನ್ ಸುರಿದು, ಮುಚ್ಚಳ ಬಿಗಿದು, ಕೈ ತೊಳೆದುಕೊಂಡು ಹೋಗಿದ್ದ. ಹಳೆಯ ಬಣ್ಣ ಬಿಡಿಸಲು ಲೋಹದ ಬೊಂಬೆಗಳನ್ನು ಹೀಗೆ ಹತ್ತಾರು ಸಲ ತೊಳೆದಿದ್ದ. ಇದನ್ನೂ ಕೈಯಲ್ಲಿ ಹಿಡಿದು ನೋಡಿದ್ದ, ತೂಕವಿತ್ತು, ಲೋಹ ಎಂದುಕೊಂಡ. ಅದರ ಬುಡದ ಪೊಳ್ಳಿನಲ್ಲಿ ಅಕ್ಕ ಒಂದು ದಪ್ಪ ಉಕ್ಕಿನ ವಾಷರ್ ಅಂಟಿಸಿ, ಮೇಲೆ ಹಸಿರು ಬಟ್ಟೆ ಮುಚ್ಚಿದ್ದಾಳೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಕಿತ್ತು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಊಟ ಮುಗಿಸಿ ಬಂದಾಗ ಭರಣಿಯಲ್ಲಿ ಬಣ್ಣದ ಚೂರುಗಳು ನಿಧಾನವಾಗಿ ಸುತ್ತುತ್ತಿದ್ದವು. ತಳದಲ್ಲಿ ಯಾರೋ ಅಗಿದು ಉಗಿದ ಚೂಯಿಂಗ್ ಗಮ್ಮಿನಂಥ ಬೂದು ಮುದ್ದೆ. ಮುದ್ದೆಯ ಪಕ್ಕದಲ್ಲಿ ಒಂದು ವಾಷರ್, ತೊಳೆದಿಟ್ಟಂತೆ ಫಳಫಳ.

ಅವನಿಗೆ ಆಗ ಮೊದಲು ಬಂದದ್ದು ದುಃಖವಲ್ಲ, ಕುತೂಹಲ. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಳ್ಳುವಂತಿರಲಿಲ್ಲ. ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ಈಟಿ ಹೋಯಿತೋ ಲಾಟೀನು ಹೋಯಿತೋ, ಮುಖ ಎಷ್ಟು ಹೊತ್ತು ತಡೆಯಿತೋ ಎಂದು ಯೋಚಿಸುತ್ತ ನಿಂತಿದ್ದ. ಹೊರಗೆ ಒಂದು ಜೊತೆ ಕೆಂಪು ಚಪ್ಪಲಿ ನಿಂತು, ಏನನ್ನೋ ಮರೆತಂತೆ ಹಿಂದಕ್ಕೆ ತಿರುಗಿ ಹೋಯಿತು.

ಹನ್ನೊಂದು ವರ್ಷ. ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಭಾವ ಆಟದ ನಕ್ಷೆ ಹಾಸುತ್ತಿದ್ದ. ಭಾವ ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಅವನು ಬರೆದ ರಾಕ್ಷಸರ ಗುಹೆಗಳಿಗೂ ಗಡಿಕಲ್ಲುಗಳಿರುತ್ತಿದ್ದವು. ಕಥೆ ಹೇಳುವವನು ಅವನೇ. ಉಳಿದವರು ಆ ಕಥೆಯೊಳಗಿನ ಜನ. ಅವರ ಜೊತೆ ಆಡಲು ಬರುತ್ತಿದ್ದ ಔಷಧದಂಗಡಿಯವಳು ಕಳ್ಳಿ, ಇವನು ಒಬ್ಬ ಮಂತ್ರವಾದಿ, ಅಕ್ಕ ಕಾವಲುಗಾರ್ತಿ. ಒಬ್ಬೊಬ್ಬರಿಗೆ ಒಂದೊಂದು ಬೊಂಬೆ, ಯಾರ ಕೆಲಸ ಕೈಗೂಡಿತು, ಯಾರದು ಕೆಟ್ಟಿತು ಎಂದು ಹೇಳಲು ಎಲ್ಲರ ನಡುವೆ ಇಪ್ಪತ್ತು ಮುಖದ ಒಂದು ದಾಳ. ಬೊಂಬೆಗಳಿಗೆ ಬಣ್ಣ ಹಚ್ಚುವ ಕೆಲಸ ಮಾತ್ರ ಮೊದಲಿನಿಂದಲೂ ಇವನದು. ಇವನಿಗೆ ಮದುವೆಯಾಗಿರಲಿಲ್ಲ. ವಾರದ ಆರು ದಿನ ಅವನು ಯಾರಿಗಾದರೂ ಏನಾದರೂ ಆಗಿದ್ದರೆ ಅದು ರಸೀತಿಯ ಮೇಲೆ, 'ಲ್ಯಾಬಿನವರು' ಎಂದು. ಭಾನುವಾರ ಮಾತ್ರ ಇಬ್ಬರು ತಮ್ಮ ತಮ್ಮ ಪುಟ್ಟ ಪ್ರಾಣಗಳನ್ನು ಹತ್ತಿಯಲ್ಲಿ ಸುತ್ತಿ ಅವನ ಕೈಗೆ ಕೊಡುತ್ತಿದ್ದರು, ರಸೀತಿ ಕೂಡ ಕೇಳದೆ. ಹೋದ ಭಾನುವಾರ ಅಕ್ಕ ಕೊಟ್ಟಾಗ, "ಪುಟ್ಟ, ಹೊದಿಕೆ ಒಂದು ಹಸಿರು ಮಾಡಿಕೊಡೋ, ಬೂದು ಸಾಕಾಯ್ತು. ಹೊದಿಕೆ ಅಷ್ಟೇ. ಉಳಿದಿದ್ದು ಮುಟ್ಬೇಡ," ಎಂದಿದ್ದಳು. ಐವತ್ತೆರಡು ವರ್ಷದವನನ್ನು ಪುಟ್ಟ ಎನ್ನುವ ಹಕ್ಕು ಲೋಕದಲ್ಲಿ ಅವಳೊಬ್ಬಳಿಗೆ ಉಳಿದಿತ್ತು.

ಹೊದಿಕೆ ಅಷ್ಟೇ. ಹೊದಿಕೆಯೊಂದಕ್ಕೇ ಬಣ್ಣ ಹಚ್ಚಲು ಯಾರೂ ಬೊಂಬೆಯನ್ನು ಅಸಿಟೋನಿನಲ್ಲಿ ಮುಳುಗಿಸುವುದಿಲ್ಲ. ಲೋಹವೆಂದು ತಪ್ಪು ತಿಳಿದದ್ದು ಎರಡನೆಯ ತಪ್ಪು, ಮತ್ತು ಅದರ ಬಗ್ಗೆ ಯೋಚಿಸುವಾಗ ಅವನಿಗೆ ಒಂದು ಬಗೆಯ ಸಮಾಧಾನವೇ ಸಿಗುತ್ತಿತ್ತು. ಮೊದಲನೆಯದರ ಹತ್ತಿರ ಹೋಗುವಾಗ ಅವನು ನಡಿಗೆ ನಿಧಾನ ಮಾಡುತ್ತಿದ್ದ. ಮುದುಕಿ ಅವನು ಬಣ್ಣ ಹಚ್ಚಿದ ಮೊಟ್ಟಮೊದಲ ಬೊಂಬೆ. ಆಗ ಕುಂಚ ಹಿಡಿಯಲು ಬರುತ್ತಿರಲಿಲ್ಲ. ಬಣ್ಣ ಗಂಜಿಯಂತೆ ದಪ್ಪ, ಮೂಗಿನ ನೆರಳು ಮೀಸೆಯಂತೆ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು. ಎಡಗಣ್ಣು ನೆಟ್ಟಗೆ ನೋಡುತ್ತಿತ್ತು, ಬಲಗಣ್ಣು ಪಕ್ಕದ ಮನೆಯ ಕಡೆ. ಆಮೇಲೆ ಅವನ ಕೈ ಕುದುರಿತು. ಈಗ ಅವನು ಬೊಂಬೆಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕೂಡ ಇಡಬಲ್ಲ. ಆದರೆ ಮುದುಕಿ ಹಾಗೇ ಉಳಿದಳು. ವಾರ ವಾರವೂ ಅಕ್ಕ ದಾಳ ಕೆಟ್ಟದಾಗಿ ಬಿದ್ದಾಗಲೆಲ್ಲ, "ನಮ್ಮ ಮುದುಕಿ ಏಕಕಾಲಕ್ಕೆ ಎರಡು ಕಡೆ ನೋಡ್ತಾಳೆ, ಗೊತ್ತಲ್ಲ?" ಎನ್ನುವಳು. ಔಷಧದಂಗಡಿಯವಳು ಬಿದ್ದು ಬಿದ್ದು ನಗುವಳು. ಭಾವ ಕೂಡ ನಕ್ಷೆಯಿಂದ ತಲೆಯೆತ್ತಿ ಹಲ್ಲು ತೋರಿಸುವನು; ಆ ಹಲ್ಲುಗಳಲ್ಲಿ ಎರಡು ಇವನೇ ಕಟ್ಟಿದವು. ಇವನೂ ನಗುತ್ತಿದ್ದ. ಹನ್ನೊಂದು ವರ್ಷ, ವರ್ಷಕ್ಕೆ ಐವತ್ತು ಭಾನುವಾರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಮ್ಮೆ ಮುಟ್ಟಿಕೊಂಡಾನು. ಇವನು ಐನೂರೈವತ್ತು ಸಲ ಮುಟ್ಟಿಕೊಂಡಿದ್ದ.

"ಹಾಗಾದ್ರೆ ಯಾವುದು ಸಾರ್?" ಎಂದ ಅಂಗಡಿಯವನು.

"ಎರಡೂ ಕೊಡಿ."

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಗೆದ್ದಂತಾಗಲಿಲ್ಲ.

ಬೀದಿಯಲ್ಲಿ ಎರಡು ಪೊಟ್ಟಣಗಳನ್ನು ಎರಡು ಜೇಬಿಗೆ ಹಾಕಿಕೊಂಡು ನಡೆದ. ಎಡಗಡೆಯ ಜೇಬು ಜೋತುಬಿದ್ದಿತ್ತು, ಬಲಗಡೆಯದರಲ್ಲಿ ಏನೂ ಇಲ್ಲದಂತಿತ್ತು. ಪ್ರಶ್ನೆ ಇಷ್ಟೇ: ಕಣ್ಣಿಗೆ ಮೋಸ ಮಾಡುವುದೋ, ಕೈಗೆ ಮೋಸ ಮಾಡುವುದೋ. ಕರಗಿಹೋದ ಹಳೆಯ ಪ್ಲಾಸ್ಟಿಕ್ ಮುದುಕಿಯದೇ ಮುಖ ಲೋಹದವಳಿಗಿತ್ತು. ಪ್ಲಾಸ್ಟಿಕ್ಕಿನವಳಿಗೆ ವಾಷರ್ ಅಂಟಿಸಿದರೆ ಅದೇ ಮೈ ಇತ್ತು. ಅಕ್ಕ ಬೇರೆ ಯಾರೇ ಆಗಿದ್ದರೂ ಕಣ್ಣನ್ನೇ ನಂಬಿ ಸಾಗಬಹುದಿತ್ತು. ಜನ ನೋಡುವಷ್ಟು ಮುಟ್ಟುವುದಿಲ್ಲ. ಆದರೆ ಅಕ್ಕ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಪೊಟ್ಟಣವನ್ನು ತಕ್ಕಡಿಗೆ ಇಡುವ ಮೊದಲು ಕೈಯಲ್ಲಿ ಒಂದು ಗಳಿಗೆ ನಿಲ್ಲಿಸಿ, "ಏಳುನೂರಿಪ್ಪತ್ತು" ಎನ್ನುವಳು. ತಕ್ಕಡಿ ಏಳುನೂರ ಹದಿನೈದು ತೋರಿಸಿದರೆ ತಕ್ಕಡಿಯನ್ನು ಅನುಮಾನದಿಂದ ನೋಡುವಳು. ಹೇಗೆ ಗೊತ್ತಾಗುತ್ತದೆ ಎಂದು ಅವನು ಒಮ್ಮೆ ಕೇಳಿದ್ದ. "ಕೈ ಕೇಳುತ್ತೆ ಕಣೋ, ನಾನು ಸುಮ್ಮನಿರ್ತೀನಿ," ಎಂದಿದ್ದಳು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವನಿಗೆ ಒಂಬತ್ತು, ಅವಳಿಗೆ ಹದಿನೈದು. ಶಾಲೆಯಲ್ಲಿ ಬಹುಮಾನ ಬಂದ ಕೈಗಡಿಯಾರವನ್ನು ಅವಳು ಸ್ನಾನಕ್ಕೆ ಹೋಗುವಾಗ ಕಿಟಕಿಯ ಮೇಲೆ ಬಿಚ್ಚಿಡುತ್ತಿದ್ದಳು. ಒಳಗೆ ಟಿಕ್ ಟಿಕ್ ಅನ್ನುವುದು ಯಾವುದು ಎಂದು ನೋಡಬೇಕಿತ್ತು, ಅಷ್ಟೇ. ಬೇರೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಹೇರ್‌ಪಿನ್ನಿನಿಂದ ಹಿಂದಿನ ಮುಚ್ಚಳ ತೆಗೆದ. ಕೂದಲಿನಷ್ಟು ಸಣ್ಣ ಸುರುಳಿಯೊಂದು ಹಾರಿ, ಬಿಸಿಲಿನಲ್ಲಿ ಒಮ್ಮೆ ಮಿಂಚಿ, ಎಲ್ಲಿಗೋ ಹೋಯಿತು. ಮುಚ್ಚಳ ಒತ್ತಿ, ಒರೆಸಿ, ಇದ್ದಲ್ಲೇ ಇಟ್ಟ. ಅಕ್ಕ ಬಂದು ಕಟ್ಟಿಕೊಂಡಳು. ಆ ವರ್ಷ ಪೂರ್ತಿ ಕಟ್ಟಿಕೊಂಡೇ ಶಾಲೆಗೆ ಹೋದಳು. ಯಾರಾದರೂ ಗಂಟೆ ಕೇಳಿದರೆ ನಿಂತುಹೋದ ಮುಳ್ಳನ್ನು ಗಂಭೀರವಾಗಿ ನೋಡಿ, ಓರೆಗಣ್ಣಿನಲ್ಲಿ ಹೊರಗಿನ ನೆರಳನ್ನು ಅಳೆದು, "ಹನ್ನೊಂದು ಹತ್ತು" ಎನ್ನುತ್ತಿದ್ದಳು. ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳು ಅವನನ್ನು ಏನೂ ಕೇಳಲಿಲ್ಲ, ಆ ದಿನವೂ, ಆ ವರ್ಷವೂ. ಪೆಟ್ಟು ತಿಂದಿದ್ದರೆ ಎರಡು ದಿನದಲ್ಲಿ ಮರೆತುಬಿಡುತ್ತಿದ್ದ. ಕೇಳದೇ ಉಳಿದ ಪ್ರಶ್ನೆಯನ್ನು ಎಲ್ಲಿ ಇಟ್ಟು ಮರೆಯುವುದು? ನಾಳೆಯೂ ಅವಳು ಬೊಂಬೆಯನ್ನು ಕೈಗೆ ತೆಗೆದುಕೊಳ್ಳುತ್ತಾಳೆ, ಕೈ ಕೇಳುತ್ತದೆ, ಅವಳು ಸುಮ್ಮನಿರುತ್ತಾಳೆ. ಇನ್ನೂ ಹನ್ನೊಂದು ವರ್ಷ ಆ ಸುಳ್ಳು ಮುದುಕಿಯನ್ನು ಅವನ ಮುಖದ ಮುಂದೆಯೇ ಆಡಿಸುತ್ತಾಳೆ. ಅವನಿಗೆ ಸಿಕ್ಕಿಬೀಳುವ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದಾಗಿತ್ತು. ಹಾಗಾದರೆ ಹೋಗಿ ಹೇಳಿಬಿಡಬಹುದಲ್ಲ ಎಂದು ಕೇಳಿದರೆ, ಅದು ಅಷ್ಟು ಸುಲಭವಿದ್ದಿದ್ದರೆ ಅವನು ಎರಡೂ ಜೇಬು ತುಂಬಿಸಿಕೊಂಡು ನಡೆಯುತ್ತಿರಲಿಲ್ಲ. ಒಪ್ಪಿಕೊಳ್ಳಬೇಕಾದರೆ ಕಣ್ಣಿನ ವಿಷಯ ಹೇಳಬೇಕಾಗುತ್ತಿತ್ತು.

ಶನಿವಾರ ಚಿಕಿತ್ಸಾಲಯ ಅರ್ಧ ದಿನ. ನೆಲಮಾಳಿಗೆ ಖಾಲಿಯಾಗಿತ್ತು, ಮೇಲಿನಿಂದ ನೆಲ ಒರೆಸುವ ಸದ್ದು ಮಾತ್ರ. ಅವನು ಔಷಧಿ ತೂಗುವ ಸಣ್ಣ ತಕ್ಕಡಿ ತೆಗೆದ. ವಾಷರ್ ಹದಿನಾಲ್ಕು ಗ್ರಾಂ. ಪ್ಲಾಸ್ಟಿಕ್ ಮುದುಕಿ, ಬಿಡಿ ತುಂಡುಗಳೆಲ್ಲ ಸೇರಿ, ಮೂರು. ಲೋಹದ ಮುದುಕಿ ಹದಿನೆಂಟು. ಹದಿನೇಳಕ್ಕೂ ಹದಿನೆಂಟಕ್ಕೂ ಒಂದೇ ಗ್ರಾಮಿನ ಅಂತರ ಎಂದು ಒಂದು ನಿಮಿಷ ಕುಣಿಯುವಷ್ಟು ಖುಷಿಯಾಯಿತು. ಲೋಹವೇ ಸರಿ! ಆಮೇಲೆ ನೆನಪಾಯಿತು: ಅಕ್ಕ ಯೋಚಿಸುವಾಗ ಬೊಂಬೆಯ ತಲೆಯನ್ನು ಬೆರಳಲ್ಲಿ ಓರೆ ಮಾಡಿ ಬಿಡುತ್ತಿದ್ದಳು. ಅದು ತೂಗಿ ತೂಗಿ ಎದ್ದು ನಿಲ್ಲುತ್ತಿತ್ತು. ಅವನು ಲೋಹದವಳನ್ನು ಓರೆ ಮಾಡಿ ಬಿಟ್ಟ. ಠಣ್ ಎಂದು ಬೋರಲು ಬಿದ್ದಳು. ತೂಕ ಎಷ್ಟಿದೆ ಎನ್ನುವುದು ಒಂದು ಮಾತು, ಎಲ್ಲಿದೆ ಎನ್ನುವುದು ಇನ್ನೊಂದು. ಕಟ್ಟಿದ ಹಲ್ಲು ಕೊರೆಯುವ ಸಣ್ಣ ಬೈರಿಗೆ ಹಿಡಿದು ಲಂಗದ ಕೆಳಗಿನಿಂದ ಕೊರೆಯತೊಡಗಿದ. ಲಂಗ ಅಗಲವಾಗಿದ್ದದ್ದು ಒಳ್ಳೆಯದಾಯಿತು, ಸೊಂಟದವರೆಗೂ ಹೋದ. ಬೆಳ್ಳಗಿನ ಪುಡಿ ಬಿತ್ತು, ಏಳು ಗ್ರಾಂ. ಬುಡಕ್ಕೆ ವಾಷರ್ ಅಂಟಿಸಿ, ಹೊಸ ಹಸಿರು ಬಟ್ಟೆ ಮುಚ್ಚಿದ. ಈಗ ಇಪ್ಪತ್ತೈದು. ಓರೆ ಮಾಡಿದರೆ ನಾಲ್ಕರಲ್ಲಿ ಮೂರು ಸಲ ಎದ್ದು ನಿಲ್ಲುತ್ತಿದ್ದಳು. ನಾಲ್ಕನೆಯ ಸಲಕ್ಕೆ ಅವನು ದೇವರ ಮೇಲೆ ಭಾರ ಹಾಕಿದ. ದೇವರಿಗೆ ಹಳೆಯವಳಿಗಿಂತ ಎಂಟು ಗ್ರಾಂ ಹೆಚ್ಚು ಭಾರ.

ಬಣ್ಣ ಮಾತ್ರ ಅವನು ಎಣಿಸದೇ ಇದ್ದ ಕಷ್ಟ ಕೊಟ್ಟಿತು. ಅವನ ವೃತ್ತಿಯ ಅರ್ಧ ಭಾಗವೇ ದೋಷಗಳನ್ನು ನಕಲು ಮಾಡುವುದು. ಹೊಸ ಹಲ್ಲು ಪಕ್ಕದ ಹಳೆಯ ಹಲ್ಲಿಗೆ ಹೊಂದಬೇಕಾದರೆ ಅದಕ್ಕೂ ಚಹಾದ ಕಲೆ, ಸಣ್ಣ ಬಿರುಕು, ಬುಡದಲ್ಲಿ ಹಳದಿ ಬೇಕು. ಅಪರಿಚಿತರ ಬಾಯಿಯೊಳಗೆ ಅವನು ಎಷ್ಟೋ ವರ್ಷಗಳ ಹೊಗೆಯನ್ನು ಅರ್ಧ ಗಂಟೆಯಲ್ಲಿ ಹಚ್ಚಿದ್ದ. ಆದರೆ ತನ್ನದೇ ಹನ್ನೊಂದು ವರ್ಷದ ಹಿಂದಿನ ದಡ್ಡ ಕೈಯನ್ನು ನಕಲು ಮಾಡಲು ಕೂತಾಗ ಕೈ ಮಾತು ಕೇಳಲಿಲ್ಲ. ದಪ್ಪಗೆ ಹಚ್ಚಿದರೆ ಅದು ಚೆಂದದ ದಪ್ಪವಾಗುತ್ತಿತ್ತು. ಮೀಸೆಯಂಥ ನೆರಳು ನಿಜವಾದ ನೆರಳಾಗುತ್ತಿತ್ತು. ಮೂರು ಸಲ ಒರೆಸಿದ. ಎಡಗೈಯಲ್ಲಿ ಪ್ರಯತ್ನಿಸಿದ. ಕೆಟ್ಟದಾಗಿ ಬಂತು, ಆದರೆ ಬೇರೆ ಯಾರೋ ಕೆಟ್ಟದಾಗಿ ಮಾಡಿದಂತೆ. ಆಗ ಅವನಿಗೆ ಹೊಳೆಯಿತು, ಆ ಹಳೆಯ ಬಣ್ಣ ಅಜಾಗರೂಕತೆಯದಾಗಿರಲಿಲ್ಲ. ಉಸಿರು ಹಿಡಿದು, ನಾಲಿಗೆ ಕಚ್ಚಿ, ತನ್ನಿಂದಾದಷ್ಟೂ ಚೆನ್ನಾಗಿ ಮಾಡಬೇಕೆಂದು ಮಾಡಿದ್ದ ಕೆಲಸ ಅದು. ಅದರ ತಪ್ಪುಗಳೆಲ್ಲ ಶ್ರದ್ಧೆಯ ತಪ್ಪುಗಳು. ಈಗ ಅವನಲ್ಲಿದ್ದದ್ದು ಬರೀ ಕೌಶಲ. ಇದು ವಿಚಿತ್ರವಾಗಿದೆ ಎಂದುಕೊಂಡ, ಮತ್ತು ಒಂದು ಕ್ಷಣ ಮುದುಕಿಯನ್ನೂ ಅಕ್ಕನನ್ನೂ ಮರೆತು ಆ ವಿಚಿತ್ರವನ್ನೇ ನೋಡುತ್ತ ಕೂತ. ಕೊನೆಗೆ ಕನ್ನಡಕ ತೆಗೆದಿಟ್ಟು, ಅಂದಾಜಿನ ಮೇಲೆ, ಬಲಗಣ್ಣನ್ನು ಪಕ್ಕದ ಮನೆಯ ಕಡೆಗೆ ತಿರುಗಿಸಿದ. ಸುಮಾರಾಗಿ ಬಂತು. ಕಿಟಕಿಯಲ್ಲಿ ಸಂಜೆಯ ಚಪ್ಪಲಿಗಳು ಬೇಗ ಬೇಗ ಮನೆಗೆ ಹೋಗುತ್ತಿದ್ದವು.

ಭಾನುವಾರ ಮೂರು ಗಂಟೆಗೆ ಅವನು ಹೋದಾಗ ಭಾವ ನಕ್ಷೆಯ ನಾಲ್ಕು ಮೂಲೆಗೂ ಚಹಾದ ಲೋಟಗಳನ್ನು ಇಡುತ್ತಿದ್ದ. ಔಷಧದಂಗಡಿಯವಳು ಆಗಲೇ ಬಂದು ಬಿಸ್ಕತ್ತಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಅವನು ಹತ್ತಿಯ ಸುರುಳಿಯನ್ನು ಅಕ್ಕನ ಮುಂದಿಟ್ಟ. ಅವಳು ಬಿಚ್ಚಿದಳು, ಬೊಂಬೆಯನ್ನು ಎತ್ತಿದಳು. ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆ ಗಳಿಗೆಯನ್ನು ಅವನು ಅಂಚೆ ಕಚೇರಿಯ ಗಾಜಿನಾಚೆಯಿಂದ ನೂರು ಸಲ ನೋಡಿದ್ದ.

"ಹಸಿರು ಚೆನ್ನಾಗಿ ಬಂದಿದೆ ಕಣೋ," ಎಂದಳು ಅಕ್ಕ, ಮತ್ತು ಬೊಂಬೆಯನ್ನು ನಕ್ಷೆಯ ಮೇಲಿಟ್ಟಳು.

ಅಷ್ಟೇ. ಆಟ ಶುರುವಾಯಿತು. ಭಾವನ ಕಥೆಯಲ್ಲಿ ಅಂದು ಒಂದು ಸೇತುವೆಯಿತ್ತು, ಸೇತುವೆಯ ಆಚೆ ದೈತ್ಯನೊಬ್ಬ ದಾಟಲು ಅನುಮತಿ ಪತ್ರ ಕೇಳುತ್ತಿದ್ದ. ಔಷಧದಂಗಡಿಯವಳು ಪತ್ರ ಕದಿಯುವುದೋ ದೈತ್ಯನನ್ನೇ ಕದಿಯುವುದೋ ಎಂದು ಕೇಳುತ್ತಿದ್ದಳು. ಅವನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವನು ಅಕ್ಕನ ಬೆರಳನ್ನು ನೋಡುತ್ತಿದ್ದ. ಬೆರಳು ಮುದುಕಿಯ ತಲೆಯ ಮೇಲೆ ಬಂತು, ಓರೆ ಮಾಡಿತು, ಬಿಟ್ಟಿತು. ಮುದುಕಿ ತೂಗಿ ಎದ್ದು ನಿಂತಳು. ಅಕ್ಕ ಇನ್ನೊಮ್ಮೆ ಓರೆ ಮಾಡಿದಳು. ಮುದುಕಿ ಈಚೆ ವಾಲಿ, ಆಚೆ ವಾಲಿ, ಸೇತುವೆಯ ಮೇಲೆ ಠಣ್ ಎಂದು ಬಿದ್ದಳು.

"ಏನ್ರೀ ಇದು, ಮುದುಕಿ ಇವತ್ತು ಕುಡಿದು ಬಂದಿದಾಳಾ?" ಎಂದಳು ಔಷಧದಂಗಡಿಯವಳು. "ಬಿದ್ದ ಸದ್ದು ನೋಡಿ! ಪಾತ್ರೆ ಬಿದ್ದಂಗೆ."

"ವಾಷರ್ ಸಡಿಲ ಆಗಿದೆ," ಎಂದಳು ಅಕ್ಕ ತಟ್ಟನೆ. "ನಾನೇ ಹಾಕಿದ್ದು, ಹಳೇದಾಯ್ತು. ನಿಮ್ಮ ಸರದಿ, ದಾಳ ಹಾಕಿ."

ಅವಳು ಅವನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂಬುದು ಅವಳ ಕತ್ತಿನಲ್ಲಿ ಕಾಣುತ್ತಿತ್ತು. ದಾಳ ಆಗಲೇ ಔಷಧದಂಗಡಿಯವಳ ಕೈಯಲ್ಲಿ ಕುಲುಕುತ್ತಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅದು ಉರುಳುತ್ತದೆ, ಒಂದು ಅಂಕಿ ಬೀಳುತ್ತದೆ, ಎಲ್ಲರೂ ಆ ಅಂಕಿಯನ್ನು ನೋಡುತ್ತಾರೆ, ಮುಗಿಯಿತು.

"ಅದು ನಿಂದಲ್ಲ ಅಕ್ಕ," ಎಂದ ಅವನು. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. "ನಿಂದನ್ನ ನಾನು ಕರಗಿಸಿಬಿಟ್ಟೆ. ಮಂಗಳವಾರ. ಇದು ಲೋಹದ್ದು."

ಕುಲುಕುವ ಸದ್ದು ನಿಂತಿತು. ಭಾವ ತನ್ನ ನಿಯಮದ ಪುಸ್ತಕದ ಕಡೆ ಕೈ ಚಾಚಿ, ಇಂಥದಕ್ಕೆ ಅಧ್ಯಾಯವಿಲ್ಲವೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

"ಯಾವುದರಲ್ಲಿ ಕರಗಿಸಿದ್ರಿ?" ಎಂದಳು ಔಷಧದಂಗಡಿಯವಳು.

"ಅಸಿಟೋನ್."

"ಅಯ್ಯೋ ದೇವರೇ! ನೇಲ್ ಪಾಲಿಶ್ ತೆಗೆಯೋ ಹುಡುಗೀರಿಗೂ ಗೊತ್ತು ಅದು ಪ್ಲಾಸ್ಟಿಕ್ ತಿನ್ನುತ್ತೆ ಅಂತ. ಹಲ್ಲು ಮಾಡೋರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಲೋಹ ಅಂದ್ಕೊಂಡೆ. ವಾಷರ್ ಇತ್ತಲ್ಲ, ತೂಕ ಇತ್ತು."

"ಎಷ್ಟು ಹೊತ್ತು ಹಿಡೀತು?" ಎಂದಳು ಅಕ್ಕ.

ಅವನು ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. "ಅರ್ಧ ಗಂಟೆ ಇರಬಹುದು. ನಾನು ಊಟಕ್ಕೆ ಹೋಗಿದ್ದೆ."

"ಮೊದಲು ಯಾವುದು ಹೋಯ್ತು?"

"ಗೊತ್ತಿಲ್ಲ. ನಾನೂ ಅದನ್ನೇ ಯೋಚಿಸ್ತಿದ್ದೆ. ಈಟಿ ಇರಬೇಕು, ಸಣ್ಣದು."

"ಹೂಂ." ಅವಳು ಲೋಹದ ಮುದುಕಿಯನ್ನು ಎತ್ತಿ, ಹಸಿರು ಬಟ್ಟೆಯ ಅಂಚನ್ನು ಉಗುರಿನಿಂದ ಎಬ್ಬಿಸಿ, ಒಳಗಿನ ತೂತನ್ನು ನೋಡಿದಳು. ಮುಖವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಕಣ್ಣು ಕೂಡ ಹಾಗೇ ಬರೆಯಕ್ಕೆ ಹೋಗಿದೀಯ."

"ಹೌದು."

"ಹೊದಿಕೆ ಅಷ್ಟೇ ಅಂದಿದ್ದೆ ನಾನು. ಮತ್ತೆ ಪೂರ್ತಿ ಯಾಕೆ ತೊಳೀಲಿಕ್ಕೆ ಹೋದೆ?"

ಚಹಾದ ಲೋಟದ ಕೆಳಗೆ ನಕ್ಷೆಯ ಒಂದು ಮೂಲೆ ಒದ್ದೆಯಾಗುತ್ತಿತ್ತು. ಭಾವ ಅದನ್ನು ನೋಡಿಯೂ ಅಲುಗಾಡಲಿಲ್ಲ. "ಆ ಕಣ್ಣಿಗೋಸ್ಕರ," ಎಂದ ಅವನು, ಅಕ್ಕನಿಗೆ. "ನೀವೆಲ್ಲ ಪ್ರತಿ ವಾರ ನಗ್ತಿದ್ರಿ. ನಾನು ಮೊದಲ ಸಲ ಬರೆದಿದ್ದು. ಸರಿ ಮಾಡಿಬಿಡೋಣ ಅಂದ್ಕೊಂಡೆ, ನಿನಗೆ ಹೇಳದೆ."

"ನಾವು ನಿಮ್ಮನ್ನ ನೋಡಿ ನಗ್ತಿದ್ವಾ?" ಎಂದಳು ಔಷಧದಂಗಡಿಯವಳು, ನಿಜವಾದ ಆಶ್ಚರ್ಯದಿಂದ. "ನಾವು ನಗ್ತಿದ್ದಿದ್ದು ನಿಮ್ಮಕ್ಕನ್ನ ನೋಡಿ. ಎರಡು ಕಡೆ ನೋಡ್ತಾಳೆ ಅಂತ ಹೇಳಿ ಹೇಳಿ ನಿಮ್ಮಕ್ಕ ಪ್ರತಿ ವಾರ ದಾಳ ಎರಡನೇ ಸಲ ಹಾಕಿಸ್ಕೋತಾರೆ. ನಿಮ್ಮ ಭಾವ ಬಿಟ್ಟುಬಿಡ್ತಾರೆ. ನನಗೆ ಒಂದು ಸಲನಾದ್ರೂ ಬಿಟ್ಟಿದಾರಾ, ಕೇಳಿ."

"ಕಾವಲುಗಾರ್ತಿ," ಎಂದ ಭಾವ, ಸಾಕ್ಷಿ ಹೇಳುವವನಂತೆ. "ಒಂದು ಕಣ್ಣು ದಾರಿ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ. ವಾದ ಗಟ್ಟಿಯಾಗೇ ಇತ್ತು."

ಅವನು ನಗಲು ನೋಡಿದ. ಐನೂರೈವತ್ತು ಭಾನುವಾರಗಳು ಒಂದೊಂದಾಗಿ ಮಗ್ಗುಲು ಬದಲಾಯಿಸುತ್ತಿದ್ದವು; ಅವುಗಳಲ್ಲಿ ಯಾವುದರಲ್ಲೂ ಅವನು ಇದ್ದಂತೆ ಕಾಣಲಿಲ್ಲ. ಇದರಿಂದ ಹಗುರಾಗಬೇಕಿತ್ತು. ತನ್ನನ್ನು ಯಾರೂ ಅಷ್ಟಾಗಿ ಗಮನಿಸಿರಲೇ ಇಲ್ಲ ಎಂದು ತಿಳಿಯುವುದಕ್ಕೂ ಒಂದು ತೂಕವಿತ್ತು, ಯಾವ ತಕ್ಕಡಿಗೂ ಹತ್ತದಂಥದ್ದು.

"ಕಣ್ಣು ನಿಂದು ಅಂದ್ಕೊಂಡಿದ್ದೆಯಾ?" ಎಂದಳು ಅಕ್ಕ. ಅವಳ ದನಿ ಏರಿರಲಿಲ್ಲ. ಆದರೆ ಕೌಂಟರಿನ ಗಾಜಿನ ಹಿಂದಿನಿಂದ, ವಿಳಾಸ ಸರಿಯಾಗಿ ಬರೆಯದವರಿಗೆ ಮಾತಾಡುವ ದನಿ ಅದು; ಮನೆಯಲ್ಲಿ ಅವನು ಅದನ್ನು ಕೇಳಿರಲಿಲ್ಲ. "ನೀನು ಬರೆದು ಕೊಟ್ಟ ಮೇಲೆ ಅದು ನಂದಲ್ವೇನೋ? ಹನ್ನೊಂದು ವರ್ಷ ನನ್ನ ಹತ್ರ ಇತ್ತು. ಸರಿ ಇಲ್ಲ ಅಂತ ನಾನು ಒಂದು ದಿನ ಅಂದಿದ್ನಾ?"

"ಇಲ್ಲ."

"ಮತ್ತೆ?"

ಅವನು ಜೇಬಿಗೆ ಕೈ ಹಾಕಿದ. ಬಲಗಡೆಯ ಜೇಬಿನಲ್ಲಿ ಪ್ಲಾಸ್ಟಿಕ್ಕಿನ ಪೊಟ್ಟಣವಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟ. "ಇದೂ ತಂದಿದ್ದೆ. ಹೊಸ ಅಚ್ಚು. ಮುಖ ಬೇರೆ. ನಿನಗೆ ಯಾವುದು ಬೇಕೋ ನೋಡು. ಇದೇ ಬೇಕು ಅಂದ್ರೆ ವಾಷರ್ ಹಾಕಿ, ಮುಖಕ್ಕೆ ಸುಕ್ಕು ಕೊರೆದು, ಥೇಟ್ ಹಳೇದರ ಥರಾನೇ ಮಾಡಿಕೊಡ್ತೀನಿ."

ಅಕ್ಕ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡಳು. ಒಂದರಲ್ಲಿ ಕೊರೆದು, ತುಂಬಿ, ಬಳಿದು, ಮೆಳ್ಳಗಣ್ಣು ಬರೆದ ಮುದುಕಿ. ಇನ್ನೊಂದರಲ್ಲಿ ಚೌಕಟ್ಟಿಗೆ ಅಂಟಿಕೊಂಡ ಬೂದು ಕೈಕಾಲು, ಬೂದು ನಗು. ಔಷಧದಂಗಡಿಯವಳು ಬಿಸ್ಕತ್ತನ್ನು ಅರ್ಧ ಕಚ್ಚಿ ಹಾಗೇ ಹಿಡಿದುಕೊಂಡಿದ್ದಳು.

"ಇದಕ್ಕಿನ್ನೂ ಯಾರೂ ಏನೂ ಮಾಡಿಲ್ಲ," ಎಂದಳು ಅಕ್ಕ. ಲೋಹದ ಮುದುಕಿಯನ್ನು ಅವನ ಕಡೆ ಸರಿಸಿದಳು. ಭಾವನಿಗೆ ಉಗುರು ಕತ್ತರಿ ತರಲು ಹೇಳಿ, ಒಂದೊಂದೇ ತುಂಡನ್ನು ಬಿಡಿಸತೊಡಗಿದಳು.

"ನಾನು ಅಂಟಿಸಿಕೊಡ್ಲಾ?"

"ಬೇಡ. ನೀನು ಆಟ ಆಡು."

ಅಕ್ಕ ಪ್ಲಾಸ್ಟಿಕ್ಕಿನದನ್ನು ಆರಿಸಿಕೊಂಡಳು. ಅದಕ್ಕೆ ಬಣ್ಣ ಹಚ್ಚಲು ಯಾರಿಗೂ ಕೊಡಲಿಲ್ಲ.